ಭುಜದ ಆಟದ ಓಬಳಯ್ಯ

ನಿಟ್ಟೂರಿನ ಓಬಳಯ್ಯನಿಗೆ ಹನ್ನೊಂದು ವರ್ಷದಿಂದ ಒಬ್ಬನ ಮುಖ ಕಂಡರೆ ಆಗುತ್ತಿರಲಿಲ್ಲ. ಆ ಒಬ್ಬ ತುಮಕೂರಿನ ಸಿದ್ಧಾರ್ಥ್. ಬೇರೆಯವರಾದರೆ ಇಷ್ಟು ದಿನಕ್ಕೆ ಸಿಟ್ಟು ಆರಿ ತಣ್ಣಗಾಗಿರುತ್ತಿದ್ದರು. ಓಬಳಯ್ಯ ದಿನಾ ಬೆಳಿಗ್ಗೆ ಎದ್ದು ಆ ಸಿಟ್ಟಿಗೆ ಎರಡು ಕಡ್ಡಿ ಸೌದೆ ಒಡ್ಡಿ ಊದುವ ಮನುಷ್ಯ. ಅಂಥವನ ಒಬ್ಬಳೇ ಮಗಳು ಶೃತಿ ರಾಜ್ಯ ತಂಡದಲ್ಲಿ ಆಡಬೇಕಾದರೆ, ಅವಳ ಹೆಸರು ಬರೆದು ಕಳಿಸಬೇಕಾದ ಕೋಚು ಅದೇ ಸಿದ್ಧಾರ್ಥ್ ಆಗಿಬಿಟ್ಟ.

ಆಟ ಅಮೆರಿಕನ್ ಫುಟ್‌ಬಾಲ್. ನಿಟ್ಟೂರಿನಲ್ಲಿ ಈ ಹೆಸರು ಹೇಳಿದರೆ ಜನ ಈಗಲೂ ಕಾಲಲ್ಲಿ ಒದೆಯುವ ಚೆಂಡು ಎಂದೇ ತಿಳಿಯುತ್ತಾರೆ. ಅದಲ್ಲ. ಇದರ ಚೆಂಡು, ಸುಲಿದ ತೆಂಗಿನಕಾಯನ್ನು ಎರಡೂ ತುದಿ ಹಿಡಿದು ಎಳೆದು ಚೂಪು ಮಾಡಿದ ಹಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಮೈದಾನದ ಆ ತುದಿಯ ಎದುರಿನವರ ಗೆರೆ ದಾಟಬೇಕು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಅಷ್ಟರಲ್ಲಿ ಹೋಗಲಿಲ್ಲವೋ, ಚೆಂಡು ಎದುರಿನವರ ಪಾಲು. ಹೋಗುವುದಕ್ಕೆ ಎರಡು ದಾರಿ. ಚೆಂಡು ಹಿಡಿದವನ ಮುಂದೆ ಗಟ್ಟಿ ಆಳುಗಳು ಗೋಡೆಯಂತೆ ನಿಂತು, ಭುಜ ಕೊಟ್ಟು ಎದುರಿನವರನ್ನು ತಳ್ಳುತ್ತ, ಮೂರು ಗಜ ನಾಲ್ಕು ಗಜ ಎಂದು ನೆಲ ಗೆಲ್ಲುವುದು ಹಳೆಯ ದಾರಿ. ಹಿಂದೆ ನಿಂತು ದೂರಕ್ಕೆ ಎಸೆಯುವುದು, ಅಲ್ಲಿ ಓಡುತ್ತಿರುವವನು ಹಿಡಿದುಕೊಳ್ಳುವುದು ಹೊಸ ದಾರಿ. ಹಳೆಯದನ್ನು ಓಬಳಯ್ಯ ಭುಜದ ಆಟ ಎನ್ನುತ್ತಿದ್ದ. ಹೊಸದಕ್ಕೆ ಅವನಿಟ್ಟ ಹೆಸರು ಲೋಡಿಂಗ್ ಆಟ.

ಆ ಹೆಸರಿನಲ್ಲಿ ಬೈಗುಳವಿತ್ತು. ಅವನು ಕೆಲಸ ಮಾಡುವ ಕಾಯಿ ಮಂಡಿಯಲ್ಲಿ ಎರಡು ಗುಂಪು. ಕಾಯಿ ಸುಲಿಯುವವರು, ಲಾರಿಗೆ ತುಂಬುವವರು. ಸುಲಿಯುವವರು ನೆಲಕ್ಕೆ ನೆಟ್ಟ ಚೂಪು ಕಬ್ಬಿಣದ ಮುಂದೆ ಕಾಲಗಲಿಸಿ, ಸೊಂಟ ಬಗ್ಗಿಸಿ, ಭುಜದ ಭಾರವೆಲ್ಲ ಕಾಯಿಯ ಮೇಲೆ ಬಿಟ್ಟು ಒತ್ತುತ್ತಾರೆ. ಲೋಡಿನವರು ಎರಡೆರಡು ಕಾಯಿ ಹಾರಿಸುತ್ತಾರೆ, ಲಾರಿಯ ಮೇಲಿನವನು ಗಾಳಿಯಲ್ಲೇ ಹಿಡಿದು ಜೋಡಿಸುತ್ತಾನೆ. ಇಬ್ಬರೂ ಒಂದೇ ಕಡೆ ಕೂತು ಟೀ ಕುಡಿದವರಲ್ಲ. ಸುಲಿಯುವವರ ಕಣ್ಣಿಗೆ ಲೋಡಿನವರು ಕೈಚಳಕದ ಸೋಮಾರಿಗಳು. ಲೋಡಿನವರ ಕಣ್ಣಿಗೆ ಸುಲಿಯುವವರು ಕೋಣಗಳು.

ಓಬಳಯ್ಯ ಸುಲಿಯುವವರಲ್ಲಿ ಮೊದಲಿಗ. ದಿನಕ್ಕೆ ಸಾವಿರದಿನ್ನೂರು ಕಾಯಿ ಸುಲಿದು, ಕೈಕಾಲು ತೊಳೆದು, ಇನ್ನೂ ಯಾರ ಜೊತೆಗಾದರೂ ಜಗಳಕ್ಕೆ ಶಕ್ತಿ ಇಟ್ಟುಕೊಂಡಿರುತ್ತಿದ್ದ. ಹದಿಮೂರು ವರ್ಷದ ಕೆಳಗೆ ತುಮಕೂರಿನ ಇಂಜಿನಿಯರಿಂಗ್ ಹುಡುಗರು ಈ ಆಟಕ್ಕೊಂದು ತಂಡ ಕಟ್ಟಿದರು. ಓಡುವವರು ಬೇಕಾದಷ್ಟಿದ್ದರು, ಗೋಡೆಯಾಗಿ ನಿಲ್ಲುವವರು ಇರಲಿಲ್ಲ. ಯಾರೋ ಹೇಳಿದರೆಂದು ಇಬ್ಬರು ಹುಡುಗರು ಬೈಕಿನಲ್ಲಿ ಮಂಡಿಗೆ ಬಂದರು. ಓಬಳಯ್ಯ ಸುಲಿಯುವುದನ್ನು ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ನೋಡಿದರು. ಅವರಲ್ಲಿ ಒಬ್ಬ ಸಿದ್ಧಾರ್ಥ್. ಆಗ ಅವನಿಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ.

"ಅಣ್ಣ, ನೀವು ಈಗ ನಿಂತಿದೀರಲ್ಲ, ಹಿಂಗೇ ನಿಂತ್ರೆ ಸಾಕು. ಎದ್ರಿಗೆ ಬರೋನ್ನ ತಳ್ಬೇಕು ಅಷ್ಟೆ" ಎಂದ.

"ತಳ್ಳಿದ್ರೆ ಪೊಲೀಸ್ನೋರು ಬರಲ್ವಾ?" ಎಂದು ಓಬಳಯ್ಯ ಕೇಳಿದ.

"ಬರಲ್ಲ. ಚಪ್ಪಾಳೆ ತಟ್ತಾರೆ."

ಮುಂದಿನ ಭಾನುವಾರವೇ ಓಬಳಯ್ಯ ಹೋದ. ಭುಜಕ್ಕೆ ಹಾಕುವ ಪ್ಲಾಸ್ಟಿಕ್ ಕವಚ ಎಲ್ಲರಿಗೂ ಆಗುವಷ್ಟಿರಲಿಲ್ಲ. ಇವನು ಗೋಣಿಚೀಲ ಮಡಿಸಿ ಬನಿಯನ್ನಿನೊಳಗೆ ತುರುಕಿಕೊಂಡು ಆ ಗೋಡೆಯ ನಟ್ಟನಡುವೆ ನಿಂತ. ಬೆಂಗಳೂರಿನ ಜಿಮ್ಮಿನಲ್ಲಿ ಬೆಳೆದ ಆಳುಗಳು ಬಂದು ಹಾಯ್ದರು. ಒಬ್ಬೊಬ್ಬರೂ ಅಂಗಾತ ಬಿದ್ದರು. ಓಬಳಯ್ಯನಿಗೆ ಹುಟ್ಟಿದಾಗಿನಿಂದ ಹೀಗೊಂದು ಜಾಗ ತನಗಾಗಿ ಕಾದಿತ್ತೇನೋ ಅನ್ನಿಸಿತು.

ಹೆಂಡತಿ ಪ್ರಮೀಳಾ ಮಾತ್ರ ಮೂಗು ಮುರಿದಳು. "ಅಲ್ಲ ಕಣ್ರೀ, ವಾರವೆಲ್ಲ ಕಾಯಿ ಸುಲ್ದು ಭಾನ್ವಾರನಾದ್ರೂ ಮಲೀಕಬಾರ್ದಾ? ಓದೋ ಹುಡುಗ್ರ ಜೊತೆ ತಳ್ಳಾಡ್ಕಂಡು ಬತ್ತೀರಲ್ಲ."

"ತಳ್ಳಾಟ ಅಲ್ಲ ಕಣೇ. ಅದು ಲೈನು."

"ಯಾವ ಲೈನು? ರೇಷನ್ ಅಂಗಡಿ ಲೈನಾ?"

ಎರಡು ವರ್ಷ ಹೀಗೇ ನಡೆಯಿತು. ಹಿಂದೆ ಚೆಂಡು ಹಿಡಿದು ನಿಲ್ಲುವವನು ಸಿದ್ಧಾರ್ಥ್, ಮುಂದೆ ಗೋಡೆ ಓಬಳಯ್ಯ. ಚೆಂಡನ್ನು ಪಕ್ಕದ ಓಟಗಾರನ ಕೈಗೆ ಕೊಟ್ಟರೆ ಓಬಳಯ್ಯ ದಾರಿ ಬಿಡಿಸಿಕೊಡುತ್ತಿದ್ದ. ಆದರೆ ಸಿದ್ಧಾರ್ಥನಿಗೆ ಎಸೆಯುವ ಚಟ. ರಾತ್ರಿಯೆಲ್ಲ ಮೊಬೈಲಿನಲ್ಲಿ ಅಮೆರಿಕದವರ ಎಸೆತ ನೋಡಿಕೊಂಡು ಬಂದು, ಬೆಳಿಗ್ಗೆ ಅದನ್ನೇ ಮಾಡಲು ಹೋಗುತ್ತಿದ್ದ.

ಬೆಂಗಳೂರಿನ ಒಂದು ಪಂದ್ಯದಲ್ಲಿ ಬರೀ ಎರಡು ಗಜ ಬೇಕಾಗಿತ್ತು. "ಓಡೋನ್ ಕೈಗೆ ಕೊಡೋ ಸಿದ್ಧ, ನಾ ಮುಂದೆ ಸೀಳ್ಕಂಡ್ ಹೋಗ್ತೀನಿ" ಎಂದು ಓಬಳಯ್ಯ ಹೇಳಿಯೇ ಬಗ್ಗಿದ. ಸಿದ್ಧಾರ್ಥ್ ಹೂಂ ಎಂದು ತಲೆಯಾಡಿಸಿದ. ಚೆಂಡು ಕೈಗೆ ಬಂದ ಮೇಲೆ ಮನಸ್ಸು ಬದಲಿಸಿ ದೂರಕ್ಕೆ ಎಸೆಯಲು ಆಳು ಹುಡುಕುತ್ತ ನಿಂತ. ಓಬಳಯ್ಯ ಇಬ್ಬರನ್ನು ಎದೆಯ ಮೇಲೆ ತಡೆದಿದ್ದ. ಒಂದು ಎಣಿಸುವಷ್ಟು, ಎರಡು ಎಣಿಸುವಷ್ಟು, ಮೂರು, ನಾಲ್ಕು. ಐದಕ್ಕೆ ಪಕ್ಕದಿಂದ ಮೂರನೆಯವನು ಅವನ ಎಡ ಮೊಣಕಾಲಿನ ಮೇಲೆ ಬಿದ್ದ. ಕೀಲಿನೊಳಗೆ ಏನೋ ಹರಿದ ಸದ್ದು ಅವನಿಗೇ ಕೇಳಿಸಿತು. ಎಸೆದ ಚೆಂಡು ಎದುರಿನವರ ಕೈ ಸೇರಿತು.

ಆಸ್ಪತ್ರೆಗೆ ಸಿದ್ಧಾರ್ಥ್ ಸೇಬು ತಂದಿದ್ದ. ಕ್ಷಮಿಸಿ ಎಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಅವನು ಮಂಚದ ತುದಿಯಲ್ಲಿ ಕೂತು, "ಓಬಳಣ್ಣ, ನೀವು ಕಾಲು ನೆಟ್ಟು ನಿಂತ್ಬಿಟ್ರಿ. ಈಗಿನ ಆಟದಲ್ಲಿ ಲೈನಿನವ್ರು ಹಿಂದಕ್ಕೆ ಹೆಜ್ಜೆ ಇಡ್ತಾ ಇರ್ಬೇಕು" ಎಂದು ಪಾಠ ಹೇಳಿದ.

ಓಬಳಯ್ಯ ಸೇಬಿನ ಕವರನ್ನು ಎತ್ತಿ ಬಾಗಿಲಾಚೆ ಇಡಿಸಿದ. "ಹಿಂದಕ್ಕೆ ಹೆಜ್ಜೆ ಇಡೋನು ನಿಮ್ಮಪ್ಪ. ಎದ್ದೋಗ್ಲಾ."

ಆಮೇಲೆ ಅವನು ನಿಂತು ಕಾಯಿ ಸುಲಿಯಲಾಗಲಿಲ್ಲ. ಮಂಡಿಯವರು ಕೂತು ಕಾಯಿ ವಿಂಗಡಿಸುವ ಕೆಲಸ ಕೊಟ್ಟರು. ಸಣ್ಣದು ಒಂದು ಕಡೆ, ದಪ್ಪದು ಒಂದು ಕಡೆ, ಆರಿಸಿದ್ದನ್ನು ಎರಡೆರಡಾಗಿ ಲಾರಿಗೆ ಎಸೆಯಬೇಕು. ಅಂದರೆ ಲೋಡಿನವರ ಕೆಲಸವೇ. "ಬಾರಣ್ಣೋ, ಕೊನೆಗೂ ನಮ್ ಕಡೀಕೇ ಬಂದ್ಯಲ್ಲ" ಎಂದು ಅವರು ಮೊದಲ ದಿನವೇ ಕುಟುಕಿದರು. ಆಗ ಎಂಟು ವರ್ಷದವಳಾಗಿದ್ದ ಶೃತಿ ಸ್ಕೂಲು ಬಿಟ್ಟು ಬಂದು ಲಾರಿ ಹತ್ತಿ ನಿಲ್ಲುತ್ತಿದ್ದಳು. ಅಪ್ಪ ಎಸೆದ ಕಾಯಿಯನ್ನು ಮೊದಲು ಒಂದೊಂದಾಗಿ, ಮುಂದೆ ಜೋಡಿಯಾಗಿ ಹಿಡಿದಳು. ಅಪ್ಪ ಸಿಟ್ಟಿನಲ್ಲಿ ಬೀಸಿ ಎಸೆದಷ್ಟೂ ಅವಳ ಬೆರಳು ಹದವಾದವು. ಇದನ್ನು ಓಬಳಯ್ಯ ಗಮನಿಸಲಿಲ್ಲ. ಎಷ್ಟೋ ವರ್ಷದ ಮೇಲೆ, ಅವಳ ಕೈಯಲ್ಲಿ ಚೆಂಡು ಕಂಡಾಗ, ಗಮನಿಸಿದವನು ಸಿದ್ಧಾರ್ಥ್.

ಈಗ ಶೃತಿ ಗುಬ್ಬಿಯಲ್ಲಿ ಎರಡನೇ ವರ್ಷದ ಬಿ.ಕಾಂ. ಸಿದ್ಧಾರ್ಥ್ ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಭಾನುವಾರ ತುಮಕೂರಿನಲ್ಲಿ ಹುಡುಗಿಯರಿಗೆ ಇದೇ ಆಟದ ಇನ್ನೊಂದು ಬಗೆಯನ್ನು ಹೇಳಿಕೊಡುತ್ತಾನೆ. ಅದಕ್ಕೆ ಫ್ಲ್ಯಾಗ್ ಫುಟ್‌ಬಾಲ್ ಎನ್ನುತ್ತಾರೆ. ಒಂದು ಕಡೆಗೆ ಐದೇ ಜನ. ಮೈ ತಾಗಿಸುವ ಹಾಗಿಲ್ಲ, ಕೆಡವುವ ಹಾಗಿಲ್ಲ. ಪ್ರತಿಯೊಬ್ಬರ ಸೊಂಟಕ್ಕೂ ಒಂದು ಪಟ್ಟಿ, ಪಟ್ಟಿಯ ಎರಡೂ ಬದಿ ಇಳಿಬಿದ್ದ ಬಟ್ಟೆ. ಚೆಂಡು ಹಿಡಿದು ಓಡುವವಳ ಆ ಬಟ್ಟೆ ಎಳೆದರೆ ಪಟ್ಟಿ ಕಳಚಿ ಕೈಗೆ ಬರುತ್ತದೆ. ಅಲ್ಲಿಗೆ ಅವಳ ಓಟ ನಿಂತಿತು. ಶೃತಿ ಮನೆಯಲ್ಲಿ ಹೇಳದೆಯೇ ನಾಲ್ಕು ತಿಂಗಳು ಆಡಿದಳು. ರಾಜ್ಯ ತಂಡದ ಆಯ್ಕೆಗೆ ಮನೆಯವರ ಸಹಿ ಬೇಕು ಎಂದಾಗ ಗುಟ್ಟು ಹೊರಗೆ ಬಿತ್ತು. ಸಹಿಯ ಕಾಗದ ಹಿಡಿದು ಸಿದ್ಧಾರ್ಥನೇ ಮಂಡಿಗೆ ಬಂದ.

"ಏನು ಕೋಚ್ ಸಾಹೇಬ್ರು ದಾರಿ ತಪ್ಪಿ ಬಂದಂಗೈತೆ" ಎಂದ ಓಬಳಯ್ಯ, ಕಾಯಿಯಿಂದ ಕಣ್ಣೆತ್ತದೆ.

"ನಿಮ್ಮ ಹತ್ರ ಜಗಳಕ್ಕೆ ಬಂದಿಲ್ಲ ಓಬಳಯ್ಯನೋರೆ." ಹಿಂದಿನ ಓಬಳಣ್ಣ ಎಂಬುದು ಅವನ ಬಾಯಿಂದ ಯಾವತ್ತೋ ಹೋಗಿತ್ತು. "ಹುಡುಗಿ ಕೈಯಂಥ ಕೈ ನಾನು ಎಲ್ಲೂ ನೋಡಿಲ್ಲ. ಕುಣಿಗಲ್ ಪಂದ್ಯದಲ್ಲಿ ಚೆನ್ನಾಗಿ ಆಡಿದ್ರೆ ಹೆಸ್ರು ಕಳಿಸ್ತೀನಿ."

"ಮೈ ಮುಟ್ಟಂಗಿಲ್ಲ, ಬಟ್ಟೆ ಕಿತ್ಕೋಬೇಕು. ಅದನ್ನ ಆಟ ಅಂತೀಯಾ?"

"ಆಟಾನೇ. ಹತ್ತು ಗಜಕ್ಕೆ ನಾಲ್ಕು ಸಲ ತಲೆ ಚಚ್ಕೊಳ್ಳೋ ಕಾಲ ಹೋಯ್ತು. ಒಂದು ಎಸೆತಕ್ಕೆ ಇಪ್ಪತ್ತು ಗಜ ಹೋಗ್ಬೋದು. ಮೊಣಕಾಲು ಮುರ್ಕೊಳ್ಳೋದೂ ಬೇಡ."

"ಎಸೆದ್ಮ್ಯಾಲೆ ಚೆಂಡು ಯಾರ್ದು?" ಓಬಳಯ್ಯನ ದನಿ ಏರಿತು. "ಗಾಳೀದು. ಕಂಕುಳಾಗಿದ್ರೆ ನಂದು. ಮೂರ್ ಗಜ ಹೋದ್ರೂ ನನ್ ನೆಲ. ನಿನ್ ಇಪ್ಪತ್ತು ಗಜ ಎಲ್ಲಿ ಬಿತ್ತು ಅಂತ ನಾ ನೋಡಿದೀನಿ. ಆಸ್ಪತ್ರೆ ಮಂಚದ ಮ್ಯಾಲಿಂದ."

ಲೋಡಿನವರು ಕೆಲಸ ನಿಲ್ಲಿಸಿ ನೋಡತೊಡಗಿದರು. ಸಿದ್ಧಾರ್ಥ್ ಕಾಗದವನ್ನು ಕಾಯಿ ರಾಶಿಯ ಮೇಲಿಟ್ಟ. "ನನ್ನ ಮೇಲಿನ ದ್ವೇಷಕ್ಕೆ ಮಗಳ ಕೈ ಕಟ್ತೀರಾ, ಕಟ್ಟಿ."

ಓಬಳಯ್ಯ ಸಹಿ ಹಾಕಿದ. ಮಗಳು ರಾಜ್ಯದ ಬನಿಯನ್ ಹಾಕಿಕೊಂಡು ನಿಲ್ಲಬೇಕು ಎಂಬ ಆಸೆ ಅವನಿಗೂ ಇತ್ತು. ಆದರೆ ಅವಳು ನಿಲ್ಲಬೇಕಾದದ್ದು ಸಿದ್ಧಾರ್ಥನ ಆಟದಿಂದಲ್ಲ, ತನ್ನ ಆಟದಿಂದ. ಅದು ಹೇಗೆ ಸಾಧ್ಯ ಎಂದು ಯೋಚಿಸುವ ತಾಳ್ಮೆ ಅವನಿಗಿರಲಿಲ್ಲ.

ದಿನಾ ಸಂಜೆ ಮನೆಯ ಹಿಂದೆ ಮಗಳಿಗೆ ಪಾಠ ಶುರುವಾಯಿತು. "ಭುಜ ತಗ್ಗಿಸು. ಪಕ್ಕಕ್ಕೆ ಯಾಕೆ ಹಾರ್ತೀಯೇ? ನೇರ ಹೋಗು. ಎದ್ರಿಗಿರೋಳು ಅವ್ಳೇ ಸರಿದು ನಿಲ್ತಾಳೆ." ಶೃತಿ ತುಮಕೂರಿನಲ್ಲಿ ಹಾಗೇ ನುಗ್ಗಿ ಒಬ್ಬಳನ್ನು ಕೆಡವಿದಳು. ಸಿದ್ಧಾರ್ಥ್ ಎಲ್ಲರೆದುರು ಉಗಿದ. "ಯಾರು ಹೇಳ್ಕೊಟ್ರು ಇದನ್ನ ಅಂತ ಗೊತ್ತು. ಇನ್ನೊಂದ್ಸಲ ಭುಜ ತೋರ್ಸಿದ್ರೆ ಆಚೆ ಬೆಂಚಲ್ಲಿ ಕೂರಿಸ್ತೀನಿ."

ಅವಳು ಮನೆಗೆ ಬಂದು ಚೀಲ ಬಿಸಾಕಿದಳು. "ಅಪ್ಪ, ನಿಮ್ಮಿಬ್ರ ಜಗಳಕ್ಕೆ ನಾನೇನು ನಡುವಿನ ಗೆರೆನಾ? ಇದ್ರಾಗೆ ಮೈ ಮುಟ್ಟಂಗಿಲ್ಲ ಅಂತ ರೂಲೇ ಐತೆ. ಬುಕ್ಕು ಕೊಡ್ತೀನಿ, ಓದು."

"ಅಂಥ ಆಟಕ್ಕೆ ರೂಲ್ ಬ್ಯಾರೆ ಕೇಡು" ಎಂದ ಓಬಳಯ್ಯ. ಪುಸ್ತಕ ಟಿ.ವಿ. ಮೇಲೆ ಧೂಳು ತಿಂದಿತು.

ಕುಣಿಗಲ್ ಪಂದ್ಯದ ಭಾನುವಾರ ಅವನು ಬೆಳಿಗ್ಗೆಯೇ ಗುಬ್ಬಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದ. ಕೆರೆಯ ಕಡೆಯಿಂದ ಗಾಳಿ ಜೋರಾಗಿತ್ತು. ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಎದುರಿನವರು ಬೆಂಗಳೂರಿನ ಹುಡುಗಿಯರು. ರೆಫರಿ ಉಮಾಮಹೇಶ್ವರಿ ಎಂಬ ಗಟ್ಟಿ ಹೆಂಗಸು. ಶುರುವಾಗುವ ಮೊದಲು ಎಲ್ಲರ ಸೊಂಟದ ಪಟ್ಟಿಯನ್ನೂ ಒಂದೊಂದಾಗಿ ಎಳೆದು ನೋಡಿಯೇ ಸೀಟಿ ಊದಿದಳು. ಓಬಳಯ್ಯ ಹಗ್ಗಕ್ಕೆ ಎದೆ ಒತ್ತಿ ನಿಂತಿದ್ದ.

ಮೊದಲರ್ಧದಲ್ಲಿ ಶೃತಿ ಎರಡು ಸಲ ಚೆಂಡು ಹಿಡಿದಳು. ಎರಡು ಸಲವೂ ಗಾಳಿಗೆ ಓಲಾಡಿದ ಚೆಂಡನ್ನು ಬೆರಳ ತುದಿಯಲ್ಲಿ ಕಿತ್ತುಕೊಂಡಳು. ಜನ ಕೂಗಿದರು. ಓಬಳಯ್ಯನ ಎದೆ ಉಬ್ಬಿತು, ಬಾಯಿ ಮಾತ್ರ ಬೈಯಿತು. "ಹಿಡ್ದ ಮ್ಯಾಲೆ ನೇರ ಹೋಗೇ! ಏನ್ ಕುಣಿತಾ ಇದೀಯ ಅಲ್ಲಿ?" ಆ ಕಡೆಯಿಂದ ಸಿದ್ಧಾರ್ಥ್ ತಿರುಗಿ, "ಓಬಳಯ್ಯನೋರೆ, ಬಾಯಿ ಮುಚ್ಕೊಂಡು ನೋಡಿ" ಎಂದು ಕೂಗಿದ.

ಅರ್ಧಕ್ಕೆ ಬಿಟ್ಟಾಗ ಶೃತಿ ನೀರು ಕುಡಿಯಲು ಹಗ್ಗದ ಹತ್ತಿರ ಬಂದಳು. ಸಣ್ಣ ಸೊಂಟ. ಪಟ್ಟಿ ಸಡಿಲವಾಗಿ ತೊಡೆಯವರೆಗೆ ಇಳಿದಿತ್ತು. ಅವಳ ಕಣ್ಣು ಆ ಕಡೆ ಸಿದ್ಧಾರ್ಥ್ ಹಲಗೆಯ ಮೇಲೆ ಬರೆಯುತ್ತಿದ್ದ ಗೆರೆಗಳ ಮೇಲಿತ್ತು.

"ಇದೇನಿದು, ಉಡುದಾರ ಜಾರ್ದಂಗೆ" ಎಂದು ಓಬಳಯ್ಯ ಪಟ್ಟಿ ಹಿಡಿದು ಮೇಲಕ್ಕೆ ಎಳೆದ. ಸುಲಿಯುವವರು ಕೆಲಸಕ್ಕೆ ನಿಲ್ಲುವ ಮೊದಲು ಸೊಂಟಕ್ಕೆ ಟವೆಲು ಬಿಗಿಯುತ್ತಾರೆ. ಎರಡು ಸುತ್ತು ಸುತ್ತಿ, ತುದಿಯನ್ನು ಕೆಳಗಿನಿಂದ ತೂರಿಸಿ, ಒಂದು ಜಗ್ಗು. ಸಾವಿರ ಕಾಯಿ ಸುಲಿದರೂ ಅದು ಬಿಚ್ಚುವುದಿಲ್ಲ, ಸೊಂಟವೂ ಹಿಡಿಯುವುದಿಲ್ಲ. ಪಟ್ಟಿಯ ಉದ್ದ ಬಾಲವನ್ನು ಅವನು ಕೊಂಡಿಯ ಮೇಲೆ ಹಾಗೆಯೇ ಬಿಗಿದು, ಗಂಟನ್ನು ಒಳಗೆ ಸೇರಿಸಿದ.

"ಬಿಗಿ ಆಯ್ತಪ್ಪ."

"ಬಿಗಿ ಇರ್ಲಿ. ಸೊಂಟ ಗಟ್ಟಿ ಇದ್ರೆ ಕಾಲು ಗಟ್ಟಿ." ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಎಳೆದರೆ ಕೀಳಬೇಕಾದದ್ದು ಬಟ್ಟೆ ಮಾತ್ರ, ಜಾರುವ ಪಟ್ಟಿ ಕೆಟ್ಟ ಪಟ್ಟಿ ಎಂದು ಅಂದುಕೊಂಡಿದ್ದನಷ್ಟೆ. ಸೀಟಿ ಊದಿತು, ಅವಳು ಓಡಿದಳು.

ಮೂರನೇ ಎಸೆತ ಶೃತಿಯ ಕೈ ಸೇರಿತು. ಬೆಂಗಳೂರಿನ ಒಬ್ಬಳು ಹಿಂದಿನಿಂದ ಎಟುಕಿ ಬಟ್ಟೆ ಹಿಡಿದು ಎಳೆದಳು. ಪಟ್ಟಿ ಕಳಚಲಿಲ್ಲ. ಹುಡುಗಿ ಬಿಡಲಿಲ್ಲ. ನಾಲ್ಕು ಹೆಜ್ಜೆ ಎಳೆಸಿಕೊಂಡೇ ಹೋಗಿ ಮಗುಚಿ ಬಿದ್ದಳು, ಬೆರಳು ಬಟ್ಟೆಯಲ್ಲಿ ಸಿಕ್ಕಿ ಹಿಂದಕ್ಕೆ ತಿರುಚಿತು. ಶೃತಿ ಗೆರೆ ದಾಟಿದ್ದಳು. ಓಬಳಯ್ಯ ಎರಡೂ ಕೈ ಎತ್ತಿ ಕುಣಿದ. ಅವನೊಬ್ಬನೇ ಕುಣಿಯುತ್ತಿದ್ದ.

ಉಮಾಮಹೇಶ್ವರಿ ಶೃತಿಯ ಹತ್ತಿರ ಬಂದು ಪಟ್ಟಿ ಎಳೆದಳು. ಬರಲಿಲ್ಲ. ಬಟ್ಟೆ ಸರಿಸಿ ಗಂಟು ನೋಡಿದಳು. ಓಟ ರದ್ದಾಯಿತು, ಶೃತಿ ಪಂದ್ಯದಿಂದ ಆಚೆಗೆ. "ಯಾರು ಗಂಟು ಹಾಕಿದ್ದು?" ಎಂದಳು. "ನೀನೇ ಹಾಕ್ಕೊಂಡಿದ್ರೆ ಇದು ಮೋಸ. ವರದಿಗೆ ಹೋಗತ್ತೆ. ಈ ವರ್ಷ ಆಯ್ಕೆ ಮರೆತುಬಿಡು."

ಶೃತಿ ಒಂದು ಸಲ ಹಗ್ಗದ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

ಸಿದ್ಧಾರ್ಥ್ ಗಂಟು ನೋಡಿದವನೇ ಹಗ್ಗದ ಬಳಿ ನಡೆದು ಬಂದ. ಅವನ ಮುಖ ಕೆಂಪಾಗಿತ್ತು. "ಎರಡು ವರ್ಷ ನಿಮ್ಮ ಹಿಂದೆ ನಿಂತು ಈ ಗಂಟೇ ನೋಡಿದೀನಿ ನಾನು. ಬೇಕೂಂತ ಮಾಡಿದೀರಿ. ನನ್ನ ಟೀಮ್ ಹಾಳು ಮಾಡ್ಬೇಕಿತ್ತು, ಮಾಡಿದ್ರಿ."

"ನೋಡ್ಕಳೋದು ಕೋಚಿನ ಕೆಲ್ಸ" ಎಂದು ಓಬಳಯ್ಯ ತಿರುಗಿ ಬಿದ್ದ. "ಹಲಗೆ ಮ್ಯಾಲೆ ಗೆರೆ ಎಳೀತಾ ಕೂತಿದ್ದೆಯಲ್ಲ, ನಿನ್ ಕಣ್ಣೇನ್ ಮಾಡ್ತಿತ್ತು?"

"ಹಂಗಾದ್ರೆ ನಿಮ್ಮ ಮಗಳೇ ಹಾಕ್ಕೊಂಡಿದ್ದು ಅಂತ ಬರೀಲಾ?"

ಓಬಳಯ್ಯ ಹಗ್ಗದಾಚೆ ನೋಡಿದ. ಒಳಗೆ, ಮೈದಾನದ ನಡುವೆ, ಶೃತಿ ಸೊಂಟದ ಗಂಟು ಬಿಚ್ಚಲು ನೋಡುತ್ತಿದ್ದಳು. ಬರುತ್ತಿರಲಿಲ್ಲ. ಸುತ್ತ ನಿಂತ ಹುಡುಗಿಯರು ಅವಳನ್ನು ಕಳ್ಳಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ಬೆರಳು ತಿರುಚಿಕೊಂಡ ಹುಡುಗಿ ಅಳುತ್ತಿದ್ದಳು.

ಓಬಳಯ್ಯ ಹಗ್ಗದ ಕೆಳಗೆ ನುಸುಳಿ ಕುಂಟುತ್ತ ಒಳಗೆ ಹೋದ. "ಮೇಡಂ, ನಾ ಹಾಕಿದ್ದು. ಅವ್ಳಿಗೆ ಗೊತ್ತಿಲ್ಲ. ಪಟ್ಟಿ ಜಾರ್ತಿತ್ತು, ಬಿಗಿದೆ."

"ಕಳಚೋದಕ್ಕೇ ಇರೋ ಪಟ್ಟಿ ಅದು. ನಿಮಗೆ ಗೊತ್ತಿರಲಿಲ್ವಾ?"

ಅವನು ಹಿಂದೆ ನಿಂತಿದ್ದ ಸಿದ್ಧಾರ್ಥನ ಉಸಿರು ಕೇಳಿಸಿಕೊಂಡ. "ಇಲ್ಲ" ಎಂದ. "ಈ ಆಟದ ರೂಲು ನಂಗೆ ಗೊತ್ತಿಲ್ಲ."

"ಜೋರಾಗಿ ಹೇಳಿ" ಎಂದ ಸಿದ್ಧಾರ್ಥ್. "ಆ ಕಡೆ ಟೀಮ್‌ಗೂ ಕೇಳ್ಲಿ. ಹನ್ನೊಂದು ವರ್ಷದಿಂದ ನನಗೆ ಆಟ ಗೊತ್ತಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದಿದೀರಲ್ಲ."

ಓಬಳಯ್ಯ ಅವನನ್ನು ನೋಡಿದ. ಒಂದು ಕಾಲಕ್ಕೆ ಇದೇ ಮುಖಕ್ಕೆ ಏಟು ಬೀಳದ ಹಾಗೆ ಎದೆ ಕೊಟ್ಟು ನಿಂತಿದ್ದ. ಈಗ ಆ ಏಟನ್ನು ತಾನೇ ಕೊಡಬೇಕು ಅನ್ನಿಸಿತು. ಶೃತಿ ಇನ್ನೂ ನೆಲ ನೋಡುತ್ತಿದ್ದಳು.

"ರೂಲು ನಂಗೆ ಗೊತ್ತಿಲ್ಲ!" ಎಂದು ಕೂಗಿದ. ಹಗ್ಗದ ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು. ಯಾರೋ ನಕ್ಕರು.

"ಸಾಕು, ಸಾಕು" ಎಂದು ಉಮಾಮಹೇಶ್ವರಿ ಸಿದ್ಧಾರ್ಥನನ್ನೇ ಗದರಿದಳು. "ಹುಡುಗಿ ಈ ಪಂದ್ಯಕ್ಕೆ ಮಾತ್ರ ಆಚೆ. ವರದಿಯಲ್ಲಿ ಹೆಸರು ಬರೆಯಲ್ಲ. ನೀವು ಮೈದಾನ ಬಿಡಿ ಯಜಮಾನ್ರೆ."

ಹೊರಡುವಾಗ ಸಿದ್ಧಾರ್ಥ್ ಹಗ್ಗ ಎತ್ತಿ ಹಿಡಿದ. ಮರ್ಯಾದೆಗಲ್ಲ, ಬೇಗ ತೊಲಗಲಿ ಎಂದು. "ಹೆಸ್ರು ಕಳಿಸ್ತೀನಿ. ಕೊಟ್ಟ ಮಾತು ತಪ್ಪಲ್ಲ. ಆದ್ರೆ ನನ್ನ ಗ್ರೌಂಡ್ ಹತ್ರ ಇನ್ಮೇಲೆ ನಿಮ್ಮ ನೆರಳು ಕಾಣ್ಬಾರ್ದು."

ಓಬಳಯ್ಯ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ಅಲ್ಲಿಂದ ಆಟ ಕಾಣುತ್ತಿರಲಿಲ್ಲ, ಸೀಟಿ ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಶೃತಿ ಬಂದಳು. ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು, ಸೊಂಟ ಖಾಲಿಯಾಗಿತ್ತು. ಮಗಳು ತನ್ನ ಪರ ಎರಡು ಮಾತಾಡುತ್ತಾಳೆ, ಆ ಸಿದ್ಧಾರ್ಥನಿಗೆ ಛೀಮಾರಿ ಹಾಕಿ ತನ್ನ ಜೊತೆ ಮನೆಗೆ ಬರುತ್ತಾಳೆ ಎಂದುಕೊಂಡು ಅವನು ಎದ್ದು ನಿಂತ.

"ನೋಡ್ದ್ಯಾ, ಅವ್ನು ನನ್ನ ಹೆಂಗೆ..." ಎಂದು ಶುರು ಮಾಡಿದ.

"ನೋಡ್ದೆ" ಎಂದಳು ಶೃತಿ. ಅವನು ಹಗ್ಗದ ಬಳಿ ಬಿಟ್ಟು ಬಂದಿದ್ದ ಚೀಲವನ್ನು ಕೈಗಿತ್ತಳು. "ನಿನ್ ಬಸ್ಸಿಗೆ ಹೊತ್ತಾಗುತ್ತೆ, ನೀನು ಹೊರಡಪ್ಪ. ನಾನು ಟೀಮ್ ಜೊತೆ ಬತ್ತೀನಿ."

"ಆಡಂಗಿಲ್ವಲ್ಲ, ಇನ್ನೇನ್ ಮಾಡ್ತೀಯ ಅಲ್ಲಿ?"

"ಅವ್ರಿಗೆ ನೀರು ಕೊಡ್ತೀನಿ. ಆ ಹುಡುಗಿ ಬೆರಳಿಗೆ ಐಸ್ ಇಡ್ತೀನಿ." ತಿರುಗಿದವಳು ನಿಂತು ಮತ್ತೆ ಹೇಳಿದಳು. "ಸರ್ ಹೇಳಿದ್ರು ಅಂತಲ್ಲ. ನಾನೇ ಹೇಳ್ತಿದೀನಿ. ಇನ್ಮೇಲೆ ನೀನ್ ಬರ್ಬ್ಯಾಡ."

ನಿಟ್ಟೂರಿಗೆ ಇಳಿಯುವ ಹೊತ್ತಿಗೆ ಸಂಜೆಯಾಗಿತ್ತು. ಪ್ರಮೀಳಾ ಬಾಗಿಲಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

"ಯಾರ್ ಗೆದ್ರು?"

"ಅವ್ನು."

"ಅವ್ನು ಅಂದ್ರೆ? ನಮ್ ಹುಡುಗೀರಾ?"

"ಅದನ್ನ ನಾ ನೋಡ್ಲಿಲ್ಲ" ಎಂದು ಓಬಳಯ್ಯ ಚಪ್ಪಲಿ ಬಿಟ್ಟು ಒಳಗೆ ನಡೆದ.

"ಮಗೀ ಹೆಸ್ರು ಹೋಗ್ತದಾ ಇಲ್ವಾ, ಅದನ್ನಾದ್ರೂ ಹೇಳಿ" ಎಂದು ಅವಳು ಹಿಂದಿನಿಂದ ಕೂಗಿದಳು.

"ಹೋಗ್ತದೆ" ಎಂದ ಒಳಗಿನಿಂದ. "ಅವ್ನೇ ಬರ್ದು ಕಳಿಸ್ತಾನಂತೆ ಬೋಳೀಮಗ."